57 ಹಿಟ್ ತಪ್ಪದೆ ಕಟ್ಟೋದು ಹೇಗೆ? ಬೀಟ್ ದ ಸ್ಟ್ರೀಕ್ ಆಡೋರು ಪದೇ ಪದೇ ಕೇಳುವ ಪ್ರಶ್ನೆಗಳು

ಏನಿದು ಬೀಟ್ ದ ಸ್ಟ್ರೀಕ್?

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ 2001ರಿಂದ ನಡೆಸುತ್ತಿರುವ ಆಟ. ಆಡೋಕೆ ಒಂದು ಪೈಸೆ ಕಟ್ಟಬೇಕಿಲ್ಲ. ದಿನಕ್ಕೊಬ್ಬ ಬ್ಯಾಟರ್‌ನನ್ನು ಆರಿಸಬೇಕು. ಅವತ್ತಿನ ಪಂದ್ಯದಲ್ಲಿ ಅವನು ಒಂದೇ ಒಂದು ಹಿಟ್ ಹೊಡೆದರೂ ನಿಮ್ಮ ಲೆಕ್ಕಕ್ಕೆ ಒಂದು ಸೇರುತ್ತದೆ. ಹೊಡೆಯದಿದ್ದರೆ ಸೀದಾ ಸೊನ್ನೆಗೆ ವಾಪಸ್. ನಾಳೆ ಅದೇ ಬ್ಯಾಟರ್ ಆಗಬೇಕು ಅಂತೇನಿಲ್ಲ, ದಿನಾ ಬದಲಾಯಿಸಬಹುದು. ಹೀಗೆ ಎಲ್ಲೂ ಕಡಿಯದೆ 57 ಮುಟ್ಟಿದರೆ ಬಹುಮಾನ 56 ಲಕ್ಷ ಡಾಲರ್.

ಹಾವು ಏಣಿ ಆಟ ನೆನಪಿದೆಯಲ್ಲ? ಇಲ್ಲಿ ಏಣಿ ಇಲ್ಲ. ಪ್ರತಿ ಮನೆಯಲ್ಲೂ ಹಾವಿದೆ, ಎಲ್ಲ ಹಾವಿನ ಬಾಲವೂ ಮೊದಲ ಮನೆಯಲ್ಲೇ.

57 ಯಾಕೆ? 50 ಅಂತ ಇಡಬಹುದಿತ್ತಲ್ಲ?

ಜೋ ಡಿಮ್ಯಾಜಿಯೋ ಕಾರಣ. ನ್ಯೂಯಾರ್ಕ್ ಯಾಂಕೀಸ್‌ನ ಈ ಆಟಗಾರ 1941ರ ಮೇ 15ರಿಂದ ಜುಲೈ 16ರವರೆಗೆ ಸತತ 56 ಪಂದ್ಯಗಳಲ್ಲಿ ಹಿಟ್ ಹೊಡೆದ. ಮರುದಿನ ಕ್ಲೀವ್‌ಲ್ಯಾಂಡ್‌ನಲ್ಲಿ, 67 ಸಾವಿರಕ್ಕೂ ಹೆಚ್ಚು ಜನರ ಮುಂದೆ, ಸರಪಳಿ ಕಡಿಯಿತು. ಥರ್ಡ್ ಬೇಸ್‌ನಲ್ಲಿದ್ದ ಫೀಲ್ಡರ್ ಕೆನ್ ಕೆಲ್ಟ್ನರ್ ಎರಡು ಸಲ ಗೆರೆಯ ಪಕ್ಕದಲ್ಲಿ ನುಗ್ಗಿಹೋಗಬೇಕಿದ್ದ ಚೆಂಡನ್ನು ತಡೆದು ಎಸೆದ. ಅವನು ಎರಡು ಹೆಜ್ಜೆ ಆಚೆ ನಿಂತಿದ್ದರೆ ಕತೆಯೇ ಬೇರೆ.

ಆ ದಾಖಲೆ ಇವತ್ತಿಗೂ ಹಾಗೇ ಇದೆ. ಆಮೇಲೆ ಅತಿ ಹತ್ತಿರ ಬಂದವನು ಪೀಟ್ ರೋಸ್, 1978ರಲ್ಲಿ 44. ಡಿಮ್ಯಾಜಿಯೋನನ್ನು ದಾಟಬೇಕೆಂದರೆ 57 ಬೇಕು, ಅಷ್ಟೇ ಲೆಕ್ಕ.

ನನಗೆ ಕ್ರಿಕೆಟ್ ಮಾತ್ರ ಗೊತ್ತು. ಹಿಟ್ ಅಂದರೆ ಏನು?

ನಾನೂ ಹಾಗೇ ಬಂದವನು. ಕ್ಯಾಲಿಫೋರ್ನಿಯಾಕ್ಕೆ ಬಂದ ಹೊಸತರಲ್ಲಿ ಆಫೀಸಿನವರು ಊಟದ ಹೊತ್ತಿಗೆ ಫೋನ್ ಹಿಡಿದು "ಹಿಟ್ ಬಂತಾ, ಹಿಟ್ ಬಂತಾ" ಅಂತಿದ್ದರು. ನನಗೆ ಹಿಟ್ಟು ಅಂದರೆ ಮುದ್ದೆ. ಹಿಟ್ಟು ತಿಂದು ಬೆಟ್ಟ ಕಿತ್ತಿಡೋ ಮಾತು ಗೊತ್ತಿತ್ತು, ಈ ಹಿಟ್ ಗೊತ್ತಿರಲಿಲ್ಲ.

ಬ್ಯಾಟರ್ ಚೆಂಡನ್ನು ಹೊಡೆದು, ಫೀಲ್ಡರ್‌ನ ತಪ್ಪಿಲ್ಲದೆ, ಔಟಾಗದೆ ಮೊದಲ ಬೇಸ್ (ಓಡಿ ಮುಟ್ಟಬೇಕಾದ ನಾಲ್ಕು ಗುರುತುಗಳಲ್ಲಿ ಮೊದಲನೆಯದು) ಅಥವಾ ಅದಕ್ಕಿಂತ ಮುಂದೆ ಮುಟ್ಟಿದರೆ ಹಿಟ್. ಚೆಂಡನ್ನು ಬೇಲಿಯಾಚೆ ಕಳಿಸುವ ಹೋಮ್ ರನ್ ಕೂಡ ಒಂದು ಹಿಟ್. ಉರುಳುತ್ತಾ ಹೋಗಿ ಯಾರ ಕೈಗೂ ಸಿಗದ ಬಡಕಲು ಸಿಂಗಲ್ ಕೂಡ ಒಂದು ಹಿಟ್. ಈ ಆಟದಲ್ಲಿ ಎರಡಕ್ಕೂ ಬೆಲೆ ಒಂದೇ.

ನಾಲ್ಕು ಕೆಟ್ಟ ಎಸೆತ ಬಂದು ಸುಮ್ನೆ ಮೊದಲ ಬೇಸ್‌ಗೆ ನಡೆದುಹೋದರೆ ಅದು ವಾಕ್. ಅದು ಹಿಟ್ ಅಲ್ಲ. ಫೀಲ್ಡರ್ ಚೆಂಡು ಬಿಟ್ಟಿದ್ದಕ್ಕೆ ಬದುಕಿದರೂ ಹಿಟ್ ಅಲ್ಲ.

ಇದುವರೆಗೆ ಯಾರಾದರೂ ಗೆದ್ದಿದ್ದಾರಾ?

ಇಲ್ಲ. 2017ರಲ್ಲಿ ಒಬ್ಬರು 51ರವರೆಗೆ ಬಂದಿದ್ದರು. ಆರು ಹಿಟ್ ಬಾಕಿ ಇತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅಷ್ಟೊಂದು ಕಷ್ಟನಾ? ಒಂದೇ ಹಿಟ್ ತಾನೇ ಬೇಕಾಗಿರೋದು?

ಒಂದು ದಿನಕ್ಕೆ ಏನೂ ಕಷ್ಟ ಇಲ್ಲ. ಒಳ್ಳೆ ಬ್ಯಾಟರ್, ಒಳ್ಳೆ ದಿನ ಆದರೆ ಹಿಟ್ ಬರುವ ಸಾಧ್ಯತೆ ನೂರಕ್ಕೆ 75ರಿಂದ 80. ತೊಂದರೆ ಇರೋದು ಗುಣಾಕಾರದಲ್ಲಿ. ಮೊಬೈಲ್‌ನ ಕ್ಯಾಲ್ಕುಲೇಟರ್ ತೆಗೆದು 0.75 ಅನ್ನು 57 ಸಲ ಗುಣಿಸಿ ನೋಡಿ. ಸುಮಾರು 1.3 ಕೋಟಿಯಲ್ಲಿ ಒಂದು ಬರುತ್ತದೆ. 0.80 ಹಾಕಿದರೆ 3.3 ಲಕ್ಷದಲ್ಲಿ ಒಂದು. 0.85 ಆದರೆ ಹತ್ತೂವರೆ ಸಾವಿರದಲ್ಲಿ ಒಂದು.

ಇನ್ನೊಂದು ಸಲ ಓದಿ. ದಿನದ ಸಾಧ್ಯತೆ ನೂರಕ್ಕೆ ಐದು ಅಂಶ ಜಾಸ್ತಿ ಆದರೆ ಕೊನೆಯಲ್ಲಿ ಮೂವತ್ತು ನಲವತ್ತು ಪಟ್ಟು ವ್ಯತ್ಯಾಸ. ಅದಕ್ಕೇ ಈ ಆಟದಲ್ಲಿ ಯಾರು ದೊಡ್ಡ ಆಟಗಾರ ಅನ್ನೋ ವಾದಕ್ಕೆ ನಾನು ಹೋಗೋದಿಲ್ಲ. ಆ ಐದು ಅಂಶ ಎಲ್ಲಿ ಬಿದ್ದಿದೆ ಅಂತ ಹುಡುಕುತ್ತೇನೆ. ಅದು ಹೆಚ್ಚಾಗಿ ಬ್ಯಾಟರ್‌ನ ಕೈಯಲ್ಲಿ ಇರೋದಿಲ್ಲ, ಪಂದ್ಯದಲ್ಲಿ ಬ್ಯಾಟ್ ಹಿಡಿಯಲು ಅವನಿಗೆ ಎಷ್ಟು ಸಲ ಸರದಿ ಸಿಗುತ್ತದೆ ಅನ್ನೋದರಲ್ಲಿ ಇರುತ್ತದೆ.

ಬ್ಯಾಟಿಂಗ್ ಸರಾಸರಿ ನೋಡಿ ಆರಿಸಿದರೆ ಸಾಲದಾ?

ಸಾಲದು. ಹೊಸಬರು ಎಡವೋದೇ ಇಲ್ಲಿ. ಬೇಸ್‌ಬಾಲ್‌ನಲ್ಲಿ ಸರಾಸರಿ ಅಂದರೆ ಹಿಟ್‌ಗಳನ್ನು ಸರದಿಗಳಿಂದ ಭಾಗಿಸಿದ್ದು, ಆದರೆ ಆ ಲೆಕ್ಕದಲ್ಲಿ ವಾಕ್ ಸಿಕ್ಕ ಸರದಿ ಬರೋದಿಲ್ಲ. ಆದರೆ ನಿಮ್ಮ ಬ್ಯಾಟರ್‌ಗೆ ವಾಕ್ ಸಿಕ್ಕಿದರೆ ನಿಮಗೆ ಒಂದು ಸರದಿ ದಂಡ.

ಇಬ್ಬರನ್ನು ಪಕ್ಕಪಕ್ಕ ಇಟ್ಟು ನೋಡೋಣ. ಹ್ವಾನ್ ಸೋಟೋ 2021ರಲ್ಲಿ .313 ಸರಾಸರಿ ಹೊಡೆದ. ಲೂಯಿಸ್ ಅರ್ರೈಸ್ 2024ರಲ್ಲಿ .314 ಹೊಡೆದು ನ್ಯಾಷನಲ್ ಲೀಗ್‌ನ ಬ್ಯಾಟಿಂಗ್ ಪಟ್ಟ ಗೆದ್ದ. ಮೇಲ್ನೋಟಕ್ಕೆ ಅವಳಿ ಜವಳಿ. ಈಗ ಒಳಗೆ ಇಣುಕಿ. ಸೋಟೋಗೆ ಆ ವರ್ಷ 145 ವಾಕ್ ಸಿಕ್ಕಿತ್ತು. 654 ಸರದಿಗಳಲ್ಲಿ ಹಿಟ್ 157. ಅರ್ರೈಸ್‌ಗೆ ಸಿಕ್ಕಿದ್ದು 24 ವಾಕ್ ಮಾತ್ರ. 672 ಸರದಿಗಳಲ್ಲಿ ಹಿಟ್ 200.

ಪಂದ್ಯಕ್ಕೆ ನಾಲ್ಕು ಸರದಿ ಅಂದುಕೊಂಡರೆ ಸೋಟೋ ಒಂದಾದರೂ ಹಿಟ್ ಹೊಡೆಯುವ ಸಾಧ್ಯತೆ ನೂರಕ್ಕೆ 67. ಅರ್ರೈಸ್‌ದು 76ರ ಹತ್ತಿರ. ಸರಾಸರಿ ಒಂದೇ, ನಮ್ಮ ಆಟಕ್ಕೆ ಇಬ್ಬರೂ ಬೇರೆ ಬೇರೆ ಜಾತಿಯ ಪ್ರಾಣಿಗಳು. ತಂಡ ಕಟ್ಟೋ ಮಾಲೀಕನಾದರೆ ನಾನು ಕಣ್ಣುಮುಚ್ಚಿ ಸೋಟೋನನ್ನೇ ತಗೋತೀನಿ. ಇಲ್ಲಿ ಮಾತ್ರ ಬೇಡವೇ ಬೇಡ.

ಹಾಗಾಗಿ ನೋಡಬೇಕಾದ್ದು ಸರಾಸರಿ ಅಲ್ಲ, ಒಟ್ಟು ಸರದಿಗೆ ಎಷ್ಟು ಹಿಟ್ ಅನ್ನೋದು. ಭಾಗಾಕಾರ ನೀವೇ ಮಾಡಿಕೊಳ್ಳಿ. 0.28 ದಾಟಿದವನು ನಿಮ್ಮ ಪಟ್ಟಿಯಲ್ಲಿರಲಿ.

ಸ್ಟ್ರೈಕ್‌ಔಟ್ ಜಾಸ್ತಿ ಆಗೋ ದೊಡ್ಡ ಹೊಡೆತಗಾರರ ಕತೆ?

ಚೆಂಡು ಬ್ಯಾಟಿಗೆ ತಾಗಿದರೆ ತಾನೇ ಅದೃಷ್ಟ ಕೆಲಸ ಮಾಡೋದು? ತಾಗಿದ ಚೆಂಡು ಕಲ್ಲಿಗೆ ಬಡಿದು ಪುಟಿಯಬಹುದು, ಇಬ್ಬರು ಫೀಲ್ಡರ್‌ಗಳ ನಡುವೆ ಬೀಳಬಹುದು. ಸ್ಟ್ರೈಕ್‌ಔಟ್ ಅಂದರೆ ಒಳ್ಳೆಯ ಎಸೆತಗಳನ್ನು ಹೊಡೆಯಲಾಗದೆ ಔಟಾಗೋದು, ಅದರಲ್ಲಿ ಅಂಥ ಯಾವ ದಾರಿಯೂ ಇಲ್ಲ. ಡಿಮ್ಯಾಜಿಯೋ 1941ರಲ್ಲಿ 30 ಹೋಮ್ ರನ್ ಹೊಡೆದ. ಇಡೀ ಸೀಸನ್‌ಗೆ ಸ್ಟ್ರೈಕ್‌ಔಟ್ ಆಗಿದ್ದು 13 ಸಲ. ಈಗಿನ ಕೆಲವರು ಹತ್ತು ದಿನದಲ್ಲಿ ಅಷ್ಟು ಆಗುತ್ತಾರೆ. ಅರ್ರೈಸ್ 2024ರಲ್ಲಿ ಆದದ್ದು 29.

ಬ್ಯಾಟಿಂಗ್ ಕ್ರಮದಲ್ಲಿ ಎಷ್ಟನೆಯವನು ಅನ್ನೋದು ಮುಖ್ಯನಾ?

ತುಂಬಾ ಮುಖ್ಯ. ಕ್ರಮದಲ್ಲಿ ಒಂದೊಂದು ಸ್ಥಾನ ಕೆಳಗಿಳಿದಂತೆ ಸೀಸನ್‌ಗೆ ಸುಮಾರು 15ರಿಂದ 20 ಸರದಿ ಕಮ್ಮಿಯಾಗುತ್ತದೆ. ಅರ್ರೈಸ್‌ನ ಲೆಕ್ಕವನ್ನೇ ಮುಂದುವರಿಸಿದರೆ, ನಾಲ್ಕರ ಬದಲು ಐದು ಸರದಿ ಸಿಕ್ಕ ದಿನ 76 ಇದ್ದದ್ದು 83 ಆಗುತ್ತದೆ. ಅದೇ ನಾವು ಹುಡುಕುತ್ತಿದ್ದ ಐದು ಅಂಶ, ಮೇಲೆ ಎರಡು ಕೊಸರು.

ಆದ್ದರಿಂದ ಮೊದಲ ಮೂರು ಸ್ಥಾನದಲ್ಲಿ ಆಡುವವನನ್ನೇ ಆರಿಸಿ. ಆರನೆಯವನು ಎಷ್ಟೇ ಫಾರ್ಮ್‌ನಲ್ಲಿದ್ದರೂ ನಾನು ಮುಟ್ಟೋದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಬೇಸ್‌ಬಾಲ್‌ನಲ್ಲಿ ಅತಿಥಿ ತಂಡ ಮೊದಲು ಬ್ಯಾಟ್ ಮಾಡುತ್ತದೆ. ಒಂಬತ್ತನೇ ಇನ್ನಿಂಗ್ಸ್‌ನ ಮೊದಲರ್ಧ ಮುಗಿದಾಗ ಮನೆ ತಂಡ ಮುಂದಿದ್ದರೆ ಪಂದ್ಯ ಅಲ್ಲಿಗೇ ಮುಗಿಯಿತು, ಮನೆ ತಂಡಕ್ಕೆ ಕೊನೆಯ ಬ್ಯಾಟಿಂಗೇ ಇಲ್ಲ. ಅತಿಥಿ ತಂಡಕ್ಕೆ ಸೋತರೂ ಗೆದ್ದರೂ ಒಂಬತ್ತು ಇನ್ನಿಂಗ್ಸ್ ಖಾತ್ರಿ. ಹಾಗಾಗಿ ಇಬ್ಬರು ಸಮಸಮ ಅನಿಸಿದಾಗ ನಾನು ಅತಿಥಿ ತಂಡದವನ ಕಡೆ ವಾಲುತ್ತೇನೆ.

ಈ ನಿಯಮ ಡಿಮ್ಯಾಜಿಯೋಗೂ ಬೆವರಿಳಿಸಿತ್ತು. 1941ರ ಜೂನ್ 26, ಯಾಂಕೀ ಸ್ಟೇಡಿಯಂ, ಸರಪಳಿಯ 38ನೇ ಪಂದ್ಯ. ಎದುರಿಗೆ ಸೇಂಟ್ ಲೂಯಿಸ್ ಬ್ರೌನ್ಸ್. ಎಂಟನೇ ಇನ್ನಿಂಗ್ಸ್ ಬಂದರೂ ಹಿಟ್ ಇಲ್ಲ. ಯಾಂಕೀಸ್ ಮುಂದಿದೆ, ಅಂದರೆ ಒಂಬತ್ತನೆಯದು ಸಿಗೋದು ಅನುಮಾನ. ಆ ಇನ್ನಿಂಗ್ಸ್‌ನಲ್ಲಿ ಡಿಮ್ಯಾಜಿಯೋ ನಾಲ್ಕನೆಯವನು. ಒಬ್ಬ ಔಟಾದ, ಮುಂದಿನವನಿಗೆ ವಾಕ್. ಮೂರನೆಯವನು ಟಾಮಿ ಹೆನ್ರಿಕ್. ಅವನು ಜೋರಾಗಿ ಹೊಡೆದು ಚೆಂಡು ಸೀದಾ ಫೀಲ್ಡರ್ ಕೈಗೆ ಹೋದರೆ ಡಬಲ್ ಪ್ಲೇ, ಇಬ್ಬರೂ ಔಟ್, ಒಟ್ಟು ಮೂರು ಔಟಿಗೆ ಇನ್ನಿಂಗ್ಸ್ ಖತಂ. ಡಿಮ್ಯಾಜಿಯೋ ಬ್ಯಾಟ್ ಹಿಡಿದು ಕಾಯುತ್ತಲೇ ಉಳಿಯುತ್ತಿದ್ದ. ಹೆನ್ರಿಕ್ ಮ್ಯಾನೇಜರ್‌ನ ಒಪ್ಪಿಗೆ ಕೇಳಿ ಬಂಟ್ ಮಾಡಿದ, ಅಂದರೆ ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ಮುಂದೆ ಉರುಳಿಸಿದ. ತಾನು ಔಟಾಗಿ ಗೆಳೆಯನಿಗೆ ಸರದಿ ಉಳಿಸಿಕೊಟ್ಟ. ಡಿಮ್ಯಾಜಿಯೋ ಬ್ರೌನ್ಸ್‌ನ ಎಲ್ಡನ್ ಆಕರ್ ಎಸೆತಕ್ಕೆ ಡಬಲ್ (ಎರಡನೇ ಬೇಸ್‌ವರೆಗೆ ಮುಟ್ಟಿಸುವ ಹಿಟ್) ಹೊಡೆದ. ಹಿಟ್ ಹೊಡೆದದ್ದು ಅವನೇ. ಆದರೆ ಸರದಿ ಕೊಟ್ಟದ್ದು ಇನ್ನೊಬ್ಬ.

ಪಿಚರ್ (ಚೆಂಡು ಎಸೆಯುವವನು) ಯಾರು ಅಂತ ನೋಡಬೇಕಾ?

ನೋಡಬೇಕು. ಹೆಚ್ಚು ಸ್ಟ್ರೈಕ್‌ಔಟ್ ಮಾಡದ, ಚೆಂಡನ್ನು ಬ್ಯಾಟಿಗೆ ತಾಗಲು ಬಿಡುವ ಪಿಚರ್ ನಮಗೆ ಬೇಕು. ವಾಕ್ ಜಾಸ್ತಿ ಕೊಡುವವನೂ ಬೇಡ. ಕೆಟ್ಟ ಪಿಚರ್ ಅಂದ ಮಾತ್ರಕ್ಕೆ ಖುಷಿಪಡಬೇಡಿ. ಗುರಿ ಇಲ್ಲದೆ ಎಸೆಯುವವನ ಮುಂದೆ ನಿಮ್ಮ ಬ್ಯಾಟರ್ ಮೂರು ಸಲ ನಡೆದುಹೋದರೆ ನಿಮಗೇನು ಸಿಕ್ಕಿತು?

ಮತ್ತೊಂದು ಮಾತು. ಒಬ್ಬನೇ ಪಿಚರ್‌ನನ್ನು ಮೂರನೇ ಸಲ ಎದುರಿಸುವಾಗ ಬ್ಯಾಟರ್‌ಗಳು ಚೆನ್ನಾಗಿ ಆಡುತ್ತಾರೆ. ಎಸೆತದ ಅಂದಾಜು ಸಿಕ್ಕಿರುತ್ತದೆ, ಅವನ ಕೈಯೂ ಸೋತಿರುತ್ತದೆ. ಆದ್ದರಿಂದ ಆರು ಇನ್ನಿಂಗ್ಸ್ ಎಳೆಯುವ ಸಾಧಾರಣ ಪಿಚರ್ ಒಳ್ಳೆಯ ಬೇಟೆ. ಪ್ರತಿ ಎರಡು ಇನ್ನಿಂಗ್ಸ್‌ಗೆ ಹೊಸ ಕೈ ಬರುವ ಬುಲ್‌ಪೆನ್ ದಿನ ದೂರ ಇರಿ.

ಎಡಗೈ ಬಲಗೈ ಲೆಕ್ಕ ಎಲ್ಲರಿಗೂ ಗೊತ್ತು: ಬಲಗೈ ಪಿಚರ್‌ಗೆ ಎಡಗೈ ಬ್ಯಾಟರ್ ಒಳ್ಳೆಯದು, ಎಡಗೈಯವನಿಗೆ ಬಲಗೈಯವನು. ಆದರೆ ಈ ಲೆಕ್ಕದ ಮೇಲೇ ತಂಡಕ್ಕೆ ಬಂದವನನ್ನು, ಪಿಚರ್ ಬದಲಾದ ತಕ್ಷಣ ಮ್ಯಾನೇಜರ್ ಎಬ್ಬಿಸಿ ಕೂರಿಸುತ್ತಾನೆ. ಎರಡೇ ಸರದಿಗೆ ನಿಮ್ಮ ದಿನ ಮುಗಿಯುತ್ತದೆ. ಯಾವ ಕೈಯವನು ಬಂದರೂ ಕದಲದೆ ಆಡುವವನೇ ಇರಲಿ. ಹೊಸೆ ರಮಿರೆಸ್ ಥರದ ಎರಡೂ ಕೈಯ ಬ್ಯಾಟರ್‌ಗಳು ಇದಕ್ಕೇ ಅನುಕೂಲ.

ಮೈದಾನದಿಂದ ವ್ಯತ್ಯಾಸ ಆಗುತ್ತಾ?

ಒಂದು ಮೈದಾನದಲ್ಲಿ ಖಂಡಿತ ಆಗುತ್ತದೆ. ಡೆನ್ವರ್‌ನ ಕೂರ್ಸ್ ಫೀಲ್ಡ್. ಸಮುದ್ರ ಮಟ್ಟದಿಂದ ಸುಮಾರು 5,200 ಅಡಿ ಎತ್ತರ. ಚಿನ್ನಸ್ವಾಮಿಯಲ್ಲಿ ಸಿಕ್ಸರ್ ಸುಲಭ ಅಂತೀವಲ್ಲ, ಬೆಂಗಳೂರು ಇರೋದು 3,000 ಅಡಿಯಲ್ಲಿ. ಡೆನ್ವರ್‌ನ ಗಾಳಿ ಇನ್ನೂ ತೆಳು. ಚೆಂಡು ದೂರ ಹೋಗುತ್ತದೆ ಅನ್ನೋದು ಅರ್ಧ ಕತೆ. ತಿರುಗಬೇಕಾದ ಎಸೆತ ಅಲ್ಲಿ ಸರಿಯಾಗಿ ತಿರುಗೋದಿಲ್ಲ. ಚೆಂಡು ದೂರ ಹೋಗುತ್ತದೆ ಅಂತ ಔಟ್‌ಫೀಲ್ಡ್ ದೊಡ್ಡದಾಗಿ ಕಟ್ಟಿದ್ದಾರೆ, ಅಲ್ಲಿ ಫೀಲ್ಡರ್‌ಗಳ ಮುಂದೆ ಚೆಂಡು ಬೀಳಲು ಬೇಕಾದಷ್ಟು ಜಾಗ. ಕೊಲರಾಡೋ ರಾಕೀಸ್ ಮನೆಯಲ್ಲಿ ಆಡುವ ದಿನ ಅತಿಥಿ ತಂಡದ ಮೊದಲ ಬ್ಯಾಟರ್ ಯಾರು ಅಂತ ನಾನು ಮೊದಲು ನೋಡುತ್ತೇನೆ.

ಸಿಯಾಟಲ್‌ನ ಮೈದಾನ ಇದಕ್ಕೆ ಉಲ್ಟಾ, ಹಿಟ್ ಹುಟ್ಟೋದೇ ಕಷ್ಟ. ಉಳಿದವುಗಳ ನಡುವಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಈ ಪಿಚರ್ ಮೇಲೆ ಇವನು ಹಿಂದೆ 8ಕ್ಕೆ 5 ಹೊಡೆದಿದ್ದಾನೆ. ಆರಿಸಲಾ?

ಎಂಟು ಸರದಿಯಿಂದ ಏನೂ ಗೊತ್ತಾಗೋದಿಲ್ಲ. ಟಿವಿಯಲ್ಲಿ ತೋರಿಸುತ್ತಾರೆ ಅಂತ ನಂಬಬೇಡಿ. ಕಳೆದ ಐದು ದಿನದ ಫಾರ್ಮ್ ಕೂಡ ಹಾಗೇ. ಅದನ್ನು ನೋಡೋದಾದರೆ ಒಂದೇ ಕಾರಣಕ್ಕೆ: ಇದ್ದಕ್ಕಿದ್ದ ಹಾಗೆ ಸುಮ್ಮನಾದವನಿಗೆ ಗಾಯವೇನಾದರೂ ಆಗಿದೆಯಾ ಅಂತ.

ಡಬಲ್ ಡೌನ್ ಮಾಡೋದು ಸರಿನಾ?

ದಿನಕ್ಕೆ ಇಬ್ಬರನ್ನು ಆರಿಸಿದರೆ ಅದು ಡಬಲ್ ಡೌನ್. ಇಬ್ಬರೂ ಹೊಡೆದರೆ ಎರಡು ಸೇರುತ್ತದೆ. ಒಬ್ಬ ತಪ್ಪಿದರೂ ಎಲ್ಲ ಹೋಯಿತು.

ಇದರ ಬಗ್ಗೆ ಜಗಳ ಮುಗಿಯೋದಿಲ್ಲ. ನನ್ನ ಅಭಿಪ್ರಾಯ ಹೀಗೆ. ಸೀಸನ್ ಇರೋದು ಆರು ತಿಂಗಳು. ದಿನಕ್ಕೊಂದರಂತೆ ಹೋದರೆ 57ಕ್ಕೆ ಎರಡು ತಿಂಗಳ ಹತ್ತಿರ ಬೇಕು. ಆಗಸ್ಟ್ ಮಧ್ಯ ದಾಟಿದ ಮೇಲೆ ಸೊನ್ನೆಗೆ ಬಿದ್ದರೆ ಒಂದೊಂದಾಗಿ ಹತ್ತೋಕೆ ದಿನಗಳೇ ಉಳಿಯೋದಿಲ್ಲ. ಹಾಗಾಗಿ ಶುರುವಿನಲ್ಲಿ, ಕಳೆದುಕೊಳ್ಳಲು ಏನೂ ಇಲ್ಲದಾಗ, ಡಬಲ್ ಮಾಡಿ. 20 ದಾಟಿದ ಮೇಲೆ ಎರಡನೆಯವನೂ ಮೊದಲನೆಯವನಷ್ಟೇ ಗಟ್ಟಿ ಅನಿಸಿದರೆ ಮಾತ್ರ.

ಇಬ್ಬರನ್ನು ಬೇರೆ ಬೇರೆ ಪಂದ್ಯದಿಂದ ಆರಿಸಿದರೆ ಕ್ಷೇಮ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇದು ತಪ್ಪು. ಎಲ್ಲ ಮೊಟ್ಟೆ ಒಂದೇ ಬುಟ್ಟಿಯಲ್ಲಿ ಇಡಬೇಡಿ ಅನ್ನೋ ಬುದ್ಧಿ ಷೇರು ಮಾರ್ಕೆಟ್‌ಗೆ ಸರಿ, ಅಲ್ಲಿ ಒಂದು ಮೊಟ್ಟೆ ಉಳಿದರೂ ಲಾಭ. ಇಲ್ಲಿ ಒಂದು ಒಡೆದರೆ ಎರಡೂ ಒಡೆದ ಹಾಗೆ. ಒಂದೇ ತಂಡದ ಇಬ್ಬರಾದರೆ ಪಿಚರ್‌ಗೆ ಕೈಕೊಟ್ಟ ದಿನ ಇಬ್ಬರೂ ಹೊಡೆಯುತ್ತಾರೆ, ತಂಡದ ಸರದಿಯೂ ಬೇಗ ಬೇಗ ಸುತ್ತುತ್ತದೆ. ಬಿದ್ದರೆ ಒಟ್ಟಿಗೆ ಬೀಳಲಿ, ಎದ್ದರೆ ಒಟ್ಟಿಗೆ ಏಳಲಿ.

ದಿನಾ ಆರಿಸಲೇಬೇಕಾ?

ಬೇಡ. ಆರಿಸದಿದ್ದರೆ ನಿಮ್ಮ ಸಂಖ್ಯೆ ಇದ್ದಲ್ಲೇ ಇರುತ್ತದೆ. ಈ ಸೌಲಭ್ಯವನ್ನು ಜನ ಬಳಸೋದೇ ಇಲ್ಲ. ಸೋಮವಾರ, ಗುರುವಾರ ಪಂದ್ಯಗಳು ಕಮ್ಮಿ ಇರುತ್ತವೆ. ಇರುವ ಬ್ಯಾಟರ್‌ಗಳಲ್ಲೇ ವಾಸಿ ಅನಿಸಿದವನನ್ನು ಆರಿಸಿ ಬೀಳುತ್ತಾರೆ. ಸೊಪ್ಪು ಬಾಡಿದ್ದರೆ ತರೋದು ಬಿಟ್ಟು ಮನೆಗೆ ಬರ್ತೀವಿ ಅಲ್ವಾ?

ಬ್ಯಾಟರ್‌ಗೆ ಬರೀ ವಾಕ್ ಸಿಕ್ಕಿದರೆ ಸರಪಳಿ ಕಡಿಯುತ್ತಾ?

ಎಲ್ಲ ಸರದಿಯೂ ವಾಕ್ ಆಗಿದ್ದರೆ, ಅಥವಾ ಚೆಂಡು ಮೈಗೆ ಬಡಿದು ಬೇಸ್ ಸಿಕ್ಕಿದ್ದರೆ, ಅಥವಾ ಹೆನ್ರಿಕ್ ಮಾಡಿದಂಥ ಸ್ಯಾಕ್ರಿಫೈಸ್ ಬಂಟ್ ಆಗಿದ್ದರೆ ಲೀಗ್‌ನ ನಿಯಮದ ಪ್ರಕಾರ ಸರಪಳಿ ಕಡಿಯೋದಿಲ್ಲ. ಆದರೆ ಸ್ಯಾಕ್ರಿಫೈಸ್ ಫ್ಲೈ (ತಾನು ಕ್ಯಾಚ್ ಔಟಾಗಿ ಬೇಸ್‌ನಲ್ಲಿದ್ದವನಿಗೆ ರನ್ ಕೊಡಿಸೋದು) ಇದ್ದು ಹಿಟ್ ಇಲ್ಲದಿದ್ದರೆ ಕಡಿಯುತ್ತದೆ. ಸರಾಸರಿಯ ಲೆಕ್ಕಕ್ಕೆ ಅದು ಬರೋದಿಲ್ಲ, ಸರಪಳಿಯ ಲೆಕ್ಕಕ್ಕೆ ಬರುತ್ತದೆ.

ಇದನ್ನು ನಾನು ಕಲಿತದ್ದು ದುಬಾರಿ ಪಾಠದಿಂದ. 23ರಲ್ಲಿದ್ದೆ. ಒಬ್ಬ ಹೆಸರಾಂತ ಹೊಡೆತಗಾರ, ಎದುರಿಗೆ ಆ ವರ್ಷದ ಕಳಪೆ ತಂಡ. ಮೊದಲ ಸರದಿ ವಾಕ್. ಎರಡನೆಯದು ವಾಕ್. ಮೂರನೆಯದರಲ್ಲಿ ಚೆಂಡನ್ನು ಆಕಾಶಕ್ಕೆ ಎತ್ತಿದ, ದೂರದಲ್ಲಿ ಹಿಡಿದರು, ಮೂರನೇ ಬೇಸ್‌ನಲ್ಲಿದ್ದವನು ಓಡಿ ರನ್ ಗಳಿಸಿದ. ಕಾಮೆಂಟೇಟರ್ ಹೊಗಳಿದ್ದೇ ಹೊಗಳಿದ್ದು. ತಂಡ ಹತ್ತು ರನ್ ಮುಂದೆ ಹೋಯಿತು. ಏಳನೇ ಇನ್ನಿಂಗ್ಸ್‌ನಲ್ಲಿ ಅವನಿಗೆ ವಿಶ್ರಾಂತಿ ಕೊಟ್ಟು ಹೊಸ ಹುಡುಗನನ್ನು ಇಳಿಸಿದರು. ಅವನಿಗೆ ಒಳ್ಳೆಯ ದಿನ, ಅವನ ತಂಡಕ್ಕೆ ಒಳ್ಳೆಯ ದಿನ. ನನಗೆ ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ಪಂದ್ಯ ತೀರಾ ಏಕಪಕ್ಷೀಯ ಆಗುತ್ತದೆ ಅನಿಸಿದ ಕಡೆ ಆಮೇಲೆ ನಾನು ಕೈ ಹಾಕಿಲ್ಲ.

ಹಿಟ್ ಅಂತ ತೋರಿಸಿ ಆಮೇಲೆ ಎರರ್ ಅಂತ ಬದಲಾಯಿಸಿದರೆ?

ಆಗುತ್ತದೆ. ಹಿಟ್ ಅಥವಾ ಎರರ್ (ಫೀಲ್ಡರ್‌ನ ತಪ್ಪು) ಅಂತ ತೀರ್ಮಾನಿಸೋದು ಮೈದಾನದಲ್ಲಿರುವ ಅಧಿಕೃತ ಸ್ಕೋರರ್. ಅವರೂ ಮನುಷ್ಯರೇ, ಮತ್ತೆ ನೋಡಿ ಮನಸ್ಸು ಬದಲಾಯಿಸಬಹುದು. ಡಿಮ್ಯಾಜಿಯೋನ 30 ಮತ್ತು 31ನೇ ಪಂದ್ಯದ ಹಿಟ್‌ಗಳು ಎದುರಾಳಿ ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್ ನಡುವಿನ ಫೀಲ್ಡರ್) ಲ್ಯೂಕ್ ಆಪ್ಲಿಂಗ್ ಕಡೆಗೆ ಹೋದವು. ಅವು ಹಿಟ್ಟೋ ಎರರೋ ಅಂತ ಇವತ್ತಿಗೂ ವಾದ ಮಾಡುವವರಿದ್ದಾರೆ. ಇದರಲ್ಲಿ ನಾವು ಮಾಡುವಂಥದ್ದು ಏನೂ ಇಲ್ಲ.

ಮಲ್ಲಿಗನ್ ಅಂದರೆ?

ಒಂದು ತಪ್ಪಿಗೆ ಮಾಫಿ. ಸಂಖ್ಯೆ 10ರಿಂದ 15ರ ನಡುವೆ ಇರುವಾಗ ತಪ್ಪಿದರೆ ಸೀಸನ್‌ಗೆ ಒಂದು ಸಲ ಉಳಿಸಿಕೊಡುತ್ತದೆ. ಆ ಹಂತದಲ್ಲಿ ಸ್ವಲ್ಪ ಧೈರ್ಯವಾಗಿ ಡಬಲ್ ಮಾಡಬಹುದು. ನಿಯಮಗಳನ್ನು ವರ್ಷ ವರ್ಷ ತಿದ್ದುತ್ತಿರುತ್ತಾರೆ, ಸೀಸನ್ ಶುರುವಿನಲ್ಲಿ ಒಂದು ಸಲ ಓದಿಕೊಳ್ಳಿ.

ಇದು ಜೂಜಲ್ವಾ? ಭಾರತದಲ್ಲಿದ್ದು ಆಡಬಹುದಾ?

2025ರಲ್ಲಿ ಭಾರತ ಕಾನೂನು ತಂದು ನಿಲ್ಲಿಸಿದ್ದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು. ಇಲ್ಲಿ ಕಟ್ಟುವ ಹಣವೇ ಇಲ್ಲ. ಆದರೆ ಬಹುಮಾನ ಪಡೆಯಲು ಯಾವ ದೇಶದ ನಿವಾಸಿ ಆಗಿರಬೇಕು ಅನ್ನೋ ಷರತ್ತು ಅಧಿಕೃತ ನಿಯಮದಲ್ಲಿ ಇರುತ್ತದೆ. 56ಕ್ಕೆ ಬಂದಮೇಲೆ ಓದೋದಕ್ಕಿಂತ ಈಗಲೇ ಓದಿ. ಊರಲ್ಲಿರುವ ನನ್ನ ತಮ್ಮ ಕಾಗದದ ಮೇಲೆ ಬರೆದುಕೊಂಡು ಆಡುತ್ತಾನೆ. ಅವನ ದಾಖಲೆ ನನ್ನದಕ್ಕಿಂತ ಮೇಲಿದೆ, ಅದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿದ್ದಾನೆ.

ಬ್ಯಾಟರ್‌ನನ್ನು ಯಾವ ಹೊತ್ತಿಗೆ ಆರಿಸಬೇಕು?

ಲೈನ್‌ಅಪ್ ಬಂದ ಮೇಲೆ. ಪಂದ್ಯಕ್ಕೆ ಮೂರು ನಾಲ್ಕು ಗಂಟೆ ಮುಂಚೆ ತಂಡಗಳು ಹೆಸರು ಬಿಡುತ್ತವೆ. ರಾತ್ರಿ ಪಂದ್ಯ ಆಡಿ ಮರುದಿನ ಮಧ್ಯಾಹ್ನವೇ ಮತ್ತೆ ಆಡಿ ಬೇರೆ ಊರಿಗೆ ಹಾರುವ ದಿನ ಇರುತ್ತದಲ್ಲ, ಅವತ್ತು ದೊಡ್ಡ ಹೆಸರುಗಳಿಗೆ ರಜೆ ಕೊಡೋದು ಮಾಮೂಲು. ಹೆಸರು ಬಂದಿದ್ದರೂ ಎಷ್ಟನೇ ಸ್ಥಾನ ಅಂತ ನೋಡಿ. ನಿನ್ನೆ ಮೊದಲನೆಯವನು ಇವತ್ತು ಐದನೆಯವನಾಗಿರಬಹುದು. ಮಳೆ ಮುನ್ಸೂಚನೆ ಇದ್ದರೆ ಬಿಡಿ.

ಬೆಂಗಳೂರಿನಲ್ಲಿ ಕೂತು ಆಡುವವರಿಗೆ ಇದೇ ಕಷ್ಟ. ನ್ಯೂಯಾರ್ಕ್‌ನಲ್ಲಿ ಸಂಜೆ 7:05ಕ್ಕೆ ಶುರುವಾಗುವ ಪಂದ್ಯ ಬೆಂಗಳೂರಿನಲ್ಲಿ ಬೆಳಗಿನ ಜಾವ 4:35. ಲೈನ್‌ಅಪ್ ಬರೋದು ರಾತ್ರಿ ಒಂದು ಗಂಟೆ ಸುಮಾರಿಗೆ. ಮಧ್ಯಾಹ್ನ 1:05ರ ಪಂದ್ಯಗಳಾದರೆ ಅಲ್ಲಿ ರಾತ್ರಿ 10:35, ಊಟ ಮಾಡುವ ಹೊತ್ತಿಗೆ ಹೆಸರು ಬಂದಿರುತ್ತದೆ. ನನ್ನ ತಮ್ಮ ಅದಕ್ಕೇ ಮಧ್ಯಾಹ್ನದ ಪಂದ್ಯಗಳಿಂದ ಮಾತ್ರ ಆರಿಸುತ್ತಾನೆ. ಉಳಿದ ದಿನ ಕಾಗದದಲ್ಲಿ ಒಂದು ಅಡ್ಡಗೆರೆ ಎಳೆದು ಮಲಗುತ್ತಾನೆ.